ಉರಿಯೋದು ಬೇಕಾ, ನೊರೆ ಬರೋದು ಬೇಕಾ? ಗಾಯಕ್ಕೆ ಬಾಟಲಿ ಆರಿಸುವ ಬಗೆ

ಶಿಡ್ಲಘಟ್ಟದ ಕಡೆ ಮೆಡಿಕಲ್ ಶಾಪ್ ಇಟ್ಟವನಿಗೆ ಬೆಳಗಿನ ಹೊತ್ತು ಬರುವ ಗಾಯಗಳು ಹೆಚ್ಚುಕಡಿಮೆ ಒಂದೇ ಥರ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿದ ಎಡಗೈ ಬೆರಳು. ಬಲಗೈಯಲ್ಲಿ ಕುಡುಗೋಲು, ಎಡಗೈಯಲ್ಲಿ ಕಡ್ಡಿಗಳ ಹಿಡಿ. ಕೈ ಜಾರಿದರೆ ಪೆಟ್ಟು ಬೀಳುವುದು ತೋರುಬೆರಳಿಗೇ.

ಹೋದ ತಿಂಗಳು ಒಬ್ಬ ಅಕ್ಕ ಬಂದರು. ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿದ್ದರು. ಬಿಚ್ಚಿದರೆ ಒಳಗೆ ಕಾಫಿಪುಡಿ, ಅದರ ಮೇಲೆ ಅರಿಶಿನ. ಎರಡೂ ರಕ್ತದ ಜೊತೆ ಸೇರಿ ಹೆಂಟೆಯ ಹಾಗೆ ಗಟ್ಟಿಯಾಗಿತ್ತು. "ಅಣ್ಣ, ಚೆನ್ನಾಗಿ ಉರಿಯೋದು ಯಾವುದಾದ್ರೂ ಕೊಡಿ. ಉರಿದ್ರೇನೇ ನಂಜು ಸಾಯೋದು" ಅಂದರು. ನಾನು ಏನೂ ಕೊಡದೆ ಅಂಗಡಿ ಪಕ್ಕದ ನಲ್ಲಿ ತೋರಿಸಿದೆ. "ಮೊದಲು ಅಲ್ಲಿ ಐದು ನಿಮಿಷ ಬೆರಳು ಹಿಡೀರಿ ಅಕ್ಕ." ಅವರ ಮುಖ ನೋಡಬೇಕಿತ್ತು. ದುಡ್ಡು ಕೊಡ್ತೀನಿ ಅಂದರೂ ಬರೀ ನೀರು ತೋರಿಸ್ತಾನಲ್ಲ ಇವನು ಅಂದುಕೊಂಡರೋ ಏನೋ.

ತೊಳೆದಾದ ಮೇಲೆ ನೋಡಿದರೆ ಗಾಯ ಅಷ್ಟೇನೂ ಆಳವಿರಲಿಲ್ಲ. ಕೊನೆಗೆ ಒಂದು ಸಣ್ಣ ಬಾಟಲಿ ಕೊಟ್ಟೆ, ಅದೂ ಉರಿಯದೇ ಇರುವುದನ್ನು. ಅದು ಯಾಕೆ ಅಂತ ಹೇಳುವಷ್ಟರಲ್ಲಿ ರೇಷ್ಮೆಗೂಡು ಸಾಗಿಸುವ ಆಟೋ ಹಾರ್ನ್ ಹೊಡೆಯಿತು, ಅವರು ಹೊರಟೇಬಿಟ್ಟರು. ಅವತ್ತು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ಔಷಧಿಗೆ ಕಣ್ಣಿಲ್ಲ

ಚರ್ಮದ ಮೇಲೆ ಕೀಟಾಣುಗಳು ಯಾವಾಗಲೂ ಇರುತ್ತವೆ. ಕೀವು ಮಾಡುವುದರಲ್ಲಿ ಎತ್ತಿದ ಕೈ ಸ್ಟ್ಯಾಫಿಲೋಕಾಕಸ್ ಆರಿಯಸ್. ಅದಂತೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಆರಾಮಾಗಿ ಕೂತಿರುತ್ತದೆ. ಚರ್ಮ ಗೋಡೆಯ ಹಾಗೆ ನಿಂತಿರುವವರೆಗೆ ತೊಂದರೆಯಿಲ್ಲ. ಗೋಡೆ ಸೀಳಿತೋ, ಒಳಗೆ ಅವಕ್ಕೆ ಬೇಕಾದ್ದೆಲ್ಲ ಇದೆ: ಬಿಸಿ, ತೇವ, ಸತ್ತ ಮಾಂಸದ ಚೂರು. ನಮ್ಮ ರಕ್ತದ ಬಿಳಿ ಕಣಗಳು ಅವುಗಳ ಜೊತೆ ಹೊಡೆದಾಟಕ್ಕೆ ಬರುತ್ತವೆ. ಕೀಟಾಣು ಕಡಿಮೆ ಇದ್ದರೆ ನಮ್ಮವೇ ಗೆಲ್ಲುತ್ತವೆ. ನಂಜುನಿರೋಧಕದ, ಅಂದರೆ ಆಂಟಿಸೆಪ್ಟಿಕ್ಕಿನ, ಕೆಲಸ ಇಷ್ಟೇ, ಎದುರಾಳಿಗಳ ತಲೆ ಎಣಿಕೆ ಇಳಿಸಿಕೊಡುವುದು. ಸೊನ್ನೆ ಮಾಡುವುದು ಅದರ ಕೈಲಾಗಲ್ಲ, ಸೊನ್ನೆ ಆಗಬೇಕಾಗಿಯೂ ಇಲ್ಲ.

ಹೇಗೆ ಇಳಿಸುತ್ತದೆ? ಕೆಲವು ಕೀಟಾಣುವಿನ ಹೊರಪೊರೆಗೆ ತೂತು ಮಾಡುತ್ತವೆ, ಒಳಗಿನದೆಲ್ಲ ಸೋರಿ ಅದು ಸಾಯುತ್ತದೆ. ಕೆಲವು ಅದರ ಪ್ರೋಟೀನನ್ನು ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿ ಮಾಡುತ್ತವೆ. ಇನ್ನು ಕೆಲವು ಕಬ್ಬಿಣಕ್ಕೆ ತುಕ್ಕು ಹಿಡಿಸಿದ ಹಾಗೆ ಅದನ್ನು ಒಳಗಿಂದಲೇ ಹಾಳು ಮಾಡುತ್ತವೆ. ಆದರೆ ಪೊರೆ, ಪ್ರೋಟೀನು ನಮ್ಮ ಮಾಂಸದಲ್ಲೂ ಇವೆಯಲ್ಲ? ಔಷಧಿಗೆ ಕಣ್ಣಿಲ್ಲ. ಯಾರದು ಅಂತ ನೋಡದೆ ಹೊಡೆಯುತ್ತದೆ. ಪೆನಿಸಿಲಿನ್ ಥರದ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗೆ ಮಾತ್ರ ಇರುವ ಗೋಡೆಯನ್ನು ಗುರಿ ಇಟ್ಟು ಹೊಡೆಯುತ್ತದೆ, ಅದಕ್ಕೇ ಅದನ್ನು ನುಂಗಬಹುದು. ನಂಜುನಿರೋಧಕ ಮೈ ಹೊರಗೆ ಮಾತ್ರ.

ರೇಷ್ಮೆ ಹುಳು ಸಾಕುವವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಬೆಳೆ ಮುಗಿದ ಮೇಲೆ ಖಾಲಿ ಹುಳು ಮನೆಗೆ 2% ಬ್ಲೀಚಿಂಗ್ ಪೌಡರ್, 0.3% ಸುಣ್ಣ ಸೇರಿಸಿದ ನೀರು ಹೊಡೆಯುತ್ತೀರಿ. ಅದನ್ನೇ ತಟ್ಟೆಯಲ್ಲಿ ಹುಳು ಇರುವಾಗ ಹೊಡೆದರೆ? ರೋಗವೂ ಹೋಯಿತು, ಹುಳುವೂ ಹೋಯಿತು. ಗೋಡೆ, ನೆಲಕ್ಕೆ ಹಾಕುವುದು ಒಂದು ಜಾತಿ. ಮೈಗೆ ಹಾಕುವುದು ಬೇರೆ ಜಾತಿ. ಕಾಲಿನ ಹುಣ್ಣಿಗೆ ಫಿನಾಯಿಲ್ ಹಾಕಿಕೊಂಡು ಬಂದ ತಾತನೊಬ್ಬರನ್ನು ನಾನೇ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ರಕ್ತ, ಕೀವು, ಮಣ್ಣು, ಕಾಫಿಪುಡಿ ಇವೆಲ್ಲ ಔಷಧಿಯನ್ನು ತಿಂದುಹಾಕುತ್ತವೆ. ಕೊಳೆ ಇರುವ ಗಾಯಕ್ಕೆ ಎಷ್ಟೇ ಒಳ್ಳೇ ಬಾಟಲಿ ಸುರಿದರೂ ಅದರ ಶಕ್ತಿಯೆಲ್ಲ ಕೊಳೆಯ ಮೇಲೇ ಖರ್ಚು. ಕೀಟಾಣುವಿನ ತನಕ ಹೋಗಿ ಮುಟ್ಟುವುದು ಸ್ವಲ್ಪ.

ಮೊದಲ ಆಯ್ಕೆ, ನಾನು ಮಾರದೇ ಇರುವುದು

ಹಾಗಾಗಿ ಎಲ್ಲ ಬಾಟಲಿಗಳ ಜೊತೆ ಹೋಲಿಸಿ ನೋಡಿದರೂ ಮೊದಲ ಸ್ಥಾನ ಹರಿಯುವ ನೀರಿಗೇ. ಕುಡಿಯಲು ಯೋಗ್ಯವಾದ ನಲ್ಲಿ ನೀರಿನಲ್ಲಿ ತೊಳೆದ ಗಾಯಕ್ಕೂ, ಆಸ್ಪತ್ರೆಯ ಸಲೈನಿನಲ್ಲಿ ತೊಳೆದ ಗಾಯಕ್ಕೂ ನಂಜಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡಿಲ್ಲ. ಕೀಟಾಣುವನ್ನು ಕೊಲ್ಲುವುದಕ್ಕಿಂತ ಕೊಚ್ಚಿಕೊಂಡು ಹೋಗುವುದು ಸುಲಭ, ನಮ್ಮ ಮಾಂಸಕ್ಕೂ ಪೆಟ್ಟಿಲ್ಲ.

ನಮ್ಮ ಕಡೆ ಒಂದು ತಾಪತ್ರಯ ಇದೆ. ಬೋರ್‌ವೆಲ್ ನೀರು ಗಡುಸು, ಸೋಪಿಗೆ ನೊರೆಯೇ ಬರಲ್ಲ. ನೊರೆ ಬರದಿದ್ದರೂ ಪರವಾಗಿಲ್ಲ, ಗಾಯದ ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ, ಗಾಯದ ಮೇಲೆ ನೀರು ಬಿಡಿ. ಬೇಕಾದರೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಬಳಸಿ. ಕೆರೆ ನೀರು ಮಾತ್ರ ಬೇಡ. ಹೆಬ್ಬಾಳ–ನಾಗವಾರ ಕಣಿವೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಏರಿಸಲಿಕ್ಕೆ ಬಿಟ್ಟಿರುವುದು, ಗಾಯ ತೊಳೆಯಲಿಕ್ಕೆ ಅಲ್ಲ. ತುಂಬಿದ ಕೆರೆ ನೋಡಲು ಎಷ್ಟೇ ತಿಳಿಯಾಗಿ ಕಂಡರೂ ಅಷ್ಟೇ.

ಮನೆಯಲ್ಲೇ ಸಲೈನ್ ಬೇಕು ಅನ್ನುವವರು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ. ಮಟ್ಟಸವಾಗಿ ತುಂಬಿದ ಸುಮಾರು ಒಂದೂವರೆ ಟೀ ಚಮಚ. ಅವತ್ತಿಂದು ಅವತ್ತೇ ಬಳಸಿ, ಮಿಕ್ಕಿದ್ದು ಚೆಲ್ಲಿ.

ಕಂದು ಬಾಟಲಿ: ಪೊವಿಡೋನ್ ಅಯೋಡಿನ್

ಅಂಗಡಿಯಲ್ಲಿ ಎಲ್ಲರೂ ಇದನ್ನು ಬೆಟಾಡಿನ್ ಅಂತಲೇ ಕೇಳುತ್ತಾರೆ. ಬೇರೆ ಕಂಪನಿಗಳದ್ದೂ ಇವೆ, ಒಳಗಿರುವುದು ಅದೇ. ಒಂದೇ ಒಂದು ಬಾಟಲಿ ಕೊಳ್ಳುವವರಿಗೆ ನಾನು ಇದನ್ನೇ ಕೊಡುವುದು.

ಕಾರಣ ಹೇಳುತ್ತೇನೆ. ಹಿಂದಿನವರು 'ಟಿಂಚರ್' ಅಂತ ಹಚ್ಚುತ್ತಿದ್ದರಲ್ಲ, ಮಕ್ಕಳು ಹೆಸರು ಕೇಳಿದರೇ ಓಡುತ್ತಿದ್ದವು, ಅದು ಸ್ಪಿರಿಟಿನಲ್ಲಿ ಕರಗಿಸಿದ ಅಯೋಡಿನ್. ಕೆಲಸ ಚೆನ್ನಾಗಿ ಮಾಡುತ್ತಿತ್ತು, ಆದರೆ ಉರಿ ಕೇಳುವ ಹಾಗಿರಲಿಲ್ಲ. 1950ರ ದಶಕದಲ್ಲಿ ಅಯೋಡಿನನ್ನು ಪೊವಿಡೋನ್ ಅನ್ನುವ ಅಂಟಿನಂಥ ಪದಾರ್ಥಕ್ಕೆ ಕಟ್ಟಿಹಾಕುವ ದಾರಿ ಸಿಕ್ಕಿತು. ಹನಿ ನೀರಾವರಿ ಇದ್ದ ಹಾಗೆ ಅಂದುಕೊಳ್ಳಿ. ಅಯೋಡಿನ್ ಒಂದೇ ಸಲ ಸುರಿಯದೆ ಬೇಕಾದಷ್ಟು ಬೇಕಾದಷ್ಟೇ ಬಿಡುಗಡೆಯಾಗುತ್ತದೆ. ಬಿಡುಗಡೆಯಾದದ್ದು ಕೀಟಾಣುವಿನೊಳಗೆ ನುಗ್ಗಿ ಅದರ ಪ್ರೋಟೀನು, ಕೊಬ್ಬು ಎಲ್ಲವನ್ನೂ ಕೆಡಿಸುತ್ತದೆ. ಬ್ಯಾಕ್ಟೀರಿಯಾ, ಶಿಲೀಂಧ್ರ, ಬಹಳಷ್ಟು ವೈರಸ್ಸು, ಯಾವುದನ್ನೂ ಬಿಡಲ್ಲ. ಇಷ್ಟು ದಾರಿಯಲ್ಲಿ ಒಟ್ಟಿಗೆ ಹೊಡೆಯುವುದರಿಂದ ಕೀಟಾಣುಗಳು ಇದಕ್ಕೆ ಒಗ್ಗಿಕೊಳ್ಳುವುದು ಕಷ್ಟ.

10% ಅಂತ ಬರೆದ ಬಾಟಲಿಯಲ್ಲಿ ಕೆಲಸಕ್ಕೆ ಸಿಗುವ ಅಯೋಡಿನ್ 1% ಮಾತ್ರ. 5% ಬಾಟಲಿಯೂ ಬರುತ್ತದೆ, ಸಣ್ಣ ಗಾಯಕ್ಕೆ ಅದೇ ಸಾಕು. ತಮಾಷೆ ಅಂದರೆ ಇದಕ್ಕೆ ಸ್ವಲ್ಪ ನೀರು ಸೇರಿಸಿದರೆ ಕಟ್ಟು ಸಡಿಲವಾಗಿ ಬಿಡುಗಡೆಯಾದ ಅಯೋಡಿನ್ ಪ್ರಮಾಣ ಹೆಚ್ಚುತ್ತದೆ. ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಆದರೆ ನೀರು ಸೇರಿಸಿದ್ದು ಬೇಗ ಮುಗಿದೂ ಹೋಗುತ್ತದೆ.

ಹಚ್ಚಿದ ತಕ್ಷಣ ಒರೆಸಬೇಡಿ. ಎರಡು ನಿಮಿಷ ಹಾಗೇ ಬಿಡಿ. ಕಂದು ಬಣ್ಣ ಇರುವವರೆಗೆ ಅಯೋಡಿನ್ ಇದೆ ಅಂತ ಲೆಕ್ಕ. ಬಣ್ಣ ಮಾಸಿ ಹಳದಿಯಾಗಿ ಹೋದರೆ ಅದರ ಕೆಲಸ ಮುಗಿಯಿತು. ಇಂಥ ಗುರುತು ಬೇರೆ ಯಾವ ಬಾಟಲಿಗೂ ಇಲ್ಲ.

ಯಾರಿಗೆ ಬೇಡ? ಥೈರಾಯ್ಡ್ ತೊಂದರೆ ಇದ್ದವರು, ಗರ್ಭಿಣಿಯರು, ಎಳೆ ಕೂಸುಗಳು. ಅಯೋಡಿನ್ ಚರ್ಮದ ಮೂಲಕ ಒಳಗೆ ಹೋಗುತ್ತದೆ, ಥೈರಾಯ್ಡ್ ಗ್ರಂಥಿಯ ಲೆಕ್ಕ ತಪ್ಪಿಸುತ್ತದೆ. ದೊಡ್ಡ ಗಾಯ, ದೊಡ್ಡ ಸುಟ್ಟಗಾಯಕ್ಕೂ ಡಾಕ್ಟರ ಮಾತಿಲ್ಲದೆ ಬೇಡ.

ಹಸು ಇರುವ ಮನೆಯವರಿಗೆ ಒಂದು ಮಾತು. ಹಾಲು ಕರೆದ ಮೇಲೆ ಕೆಚ್ಚಲು ಬಾವು ಬರದಿರಲಿ ಅಂತ ಮೊಲೆತೊಟ್ಟು ಅದ್ದುವ ದ್ರಾವಣವೂ ಎಷ್ಟೋ ಕಡೆ ಅಯೋಡಿನ್ನೇ. ಬಣ್ಣ ಒಂದೇ ಅಂತ ಕೊಟ್ಟಿಗೆಯ ಡಬ್ಬ ತಂದು ಮಗುವಿನ ಮೊಣಕಾಲಿಗೆ ಹಚ್ಚಬೇಡಿ. ಅದರ ಹದ ಬೇರೆ, ಜೊತೆಗೆ ಸೇರಿಸಿರುವುದು ಬೇರೆ. ಅದಕ್ಕಿಂತ ಹೆಚ್ಚಾಗಿ, ಆ ಲೋಟ ಎಷ್ಟು ಹಸುಗಳನ್ನು ಕಂಡಿದೆಯೋ!

ಡೆಟಾಲಾ, ಸ್ಯಾವ್ಲಾನಾ?

ಅಂಗಡಿಗೆ ಜಾಸ್ತಿ ಬರುವ ಪ್ರಶ್ನೆ ಇದು. ಎರಡನ್ನೂ ಅಣ್ಣತಮ್ಮ ಅಂದುಕೊಂಡಿರುತ್ತಾರೆ. ನಿಜವಾಗಿ ಬೇರೆ ಬೇರೆ ಮನೆತನ.

ಡೆಟಾಲ್ ದ್ರಾವಣದ ಮುಖ್ಯ ಸರಕು ಕ್ಲೋರೋಕ್ಸಿಲಿನಾಲ್, 4.8%. ಇದು ಫೀನಾಲ್ ವಂಶದ್ದು. ಆ ವಂಶಕ್ಕೆ ದೊಡ್ಡ ಇತಿಹಾಸ ಇದೆ. 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋ ಊರಿನ ಆಸ್ಪತ್ರೆಗೆ ಜೇಮ್ಸ್ ಗ್ರೀನ್‌ಲೀಸ್ ಎಂಬ ಹನ್ನೊಂದು ವರ್ಷದ ಹುಡುಗನನ್ನು ತಂದರು. ಕಾಲ ಮೇಲೆ ಗಾಡಿ ಚಕ್ರ ಹರಿದು ಮೂಳೆ ಮುರಿದು ಚರ್ಮ ಸೀಳಿತ್ತು. ಆಗೆಲ್ಲ ಇಂಥ ಗಾಯ ಅಂದರೆ ಕಾಲು ಕತ್ತರಿಸುವುದು, ಇಲ್ಲವೇ ನಂಜಾಗಿ ಸಾಯುವುದು. ಜೋಸೆಫ್ ಲಿಸ್ಟರ್ ಅನ್ನುವ ಸರ್ಜನ್ ಆ ಗಾಯದ ಮೇಲೆ ಕಾರ್ಬಾಲಿಕ್ ಆಸಿಡ್ಡಿನಲ್ಲಿ, ಅಂದರೆ ಫೀನಾಲಿನಲ್ಲಿ, ಅದ್ದಿದ ಬಟ್ಟೆ ಇಟ್ಟ. ಆರು ವಾರ ಕಳೆಯುವಷ್ಟರಲ್ಲಿ ಮೂಳೆ ಕೂಡಿತು, ಕೀವಾಗಲಿಲ್ಲ. 1867ರಲ್ಲಿ ಇದನ್ನೆಲ್ಲ ಬರೆದು ಪ್ರಕಟಿಸಿದ. ಆ ಫೀನಾಲ್ ಚರ್ಮವನ್ನೂ ಸುಡುತ್ತಿತ್ತು. ಅದರ ಮೆತ್ತನೆ ಮೊಮ್ಮಗ ಈ ಕ್ಲೋರೋಕ್ಸಿಲಿನಾಲ್. ಮೆತ್ತಗಾದರೂ ವಂಶದ ಗುಣ ಬಿಡಲ್ಲ, ನೀರು ಸೇರಿಸದೆ ಹಚ್ಚಿದರೆ ಚರ್ಮ ಸುಲಿಯುತ್ತದೆ.

ನೀರಿಗೆ ಹಾಕಿದಾಗ ಹಾಲಿನ ಹಾಗೆ ಬೆಳ್ಳಗಾಗುತ್ತದಲ್ಲ, ಅದು ಔಷಧಿಯ ಶಕ್ತಿ ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. ಅದರಲ್ಲಿರುವ ಎಣ್ಣೆಯಂಥ ಅಂಶ ನೀರಿನಲ್ಲಿ ಕರಗದೆ ಸಣ್ಣ ಸಣ್ಣ ಹನಿಗಳಾಗಿ ತೇಲುತ್ತದೆ, ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ಅಷ್ಟೇ. ಇನ್ನು ಆ ವಾಸನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ 'ಕ್ಲೀನ್' ಅನ್ನುವುದಕ್ಕೆ ಅರ್ಥವೇ ಆ ವಾಸನೆ. ವಾಸನೆಗೆ ಕೀಟಾಣು ಸಾಯಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಅದರ ಗಾಯಕ್ಕಂತೂ ಇದನ್ನು ಮುಟ್ಟಿಸಲೇಬೇಡಿ. ಫೀನಾಲ್ ವಂಶದ್ದನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಲಿವರ್‌ಗಿಲ್ಲ.

ಸ್ಯಾವ್ಲಾನ್ ದ್ರಾವಣದಲ್ಲಿ ಇಬ್ಬರು ಸೇರಿ ದುಡಿಯುತ್ತಾರೆ. 0.3% ಕ್ಲೋರ್‌ಹೆಕ್ಸಿಡಿನ್, 3% ಸೆಟ್ರಿಮೈಡ್. ಸೆಟ್ರಿಮೈಡ್ ಸೋಪಿನ ಹಾಗೆ ಜಿಡ್ಡು, ಕೊಳೆ ಎಬ್ಬಿಸುತ್ತದೆ. ಹಾಗಾಗಿ ಬೈಕಿಂದ ಬಿದ್ದು ಮಣ್ಣು, ಗ್ರೀಸು, ಜಲ್ಲಿಪುಡಿ ಮೆತ್ತಿಕೊಂಡ ತರಚು ಗಾಯ ತೊಳೆಯಲು ಇದು ಹೆಚ್ಚು ಅನುಕೂಲ. ಉರಿಯೂ ಕಡಿಮೆ. ಕ್ಲೋರ್‌ಹೆಕ್ಸಿಡಿನ್ ಚರ್ಮಕ್ಕೆ ಅಂಟಿ ಕೂತು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಆಪರೇಷನ್‌ಗೆ ಮುಂಚೆ ಚರ್ಮಕ್ಕೆ ಹಚ್ಚಲು ಇದನ್ನು ಬಳಸುವುದು ಈ ಗುಣಕ್ಕೇ.

ಆದರೆ ಒಂದು ಮೋಸ ಇದೆ, ಅದನ್ನು ಯಾರೂ ಹೇಳಲ್ಲ. ಸೋಪಿಗೂ ಇವೆರಡಕ್ಕೂ ಆಗಿಬರಲ್ಲ. ಸೋಪಿನದು ಋಣ ವಿದ್ಯುತ್ ಅಂಶ, ಇವುಗಳದು ಧನ. ಒಂದಕ್ಕೊಂದು ಅಂಟಿಕೊಂಡು ಎರಡೂ ಕೆಲಸಕ್ಕೆ ಬಾರದ ಹಾಗಾಗುತ್ತವೆ. ಸೋಪು ಹಚ್ಚಿ ತೊಳೆದವರು ಸೋಪೆಲ್ಲ ಹೋಗುವವರೆಗೆ ನೀರು ಬಿಟ್ಟು, ಆಮೇಲೆ ಈ ದ್ರಾವಣಕ್ಕೆ ಬನ್ನಿ. ಕಿವಿಯೊಳಗೆ, ಕಣ್ಣಿಗೆ ಕ್ಲೋರ್‌ಹೆಕ್ಸಿಡಿನ್ ಹೋಗಬಾರದು. ಕಿವಿ ತಮಟೆ ತೂತಾಗಿದ್ದರೆ ಅದು ಒಳಕಿವಿಗಿಳಿದು ಕೇಳುವ ಶಕ್ತಿಯನ್ನೇ ತೆಗೆಯಬಹುದು.

ನನ್ನ ತೀರ್ಪು ಕೇಳಿದರೆ, ಗಾಯ ತೊಳೆಯಲು ಇವೆರಡರಲ್ಲಿ ಸ್ಯಾವ್ಲಾನ್ ಮನೆತನಕ್ಕೆ ಒಂದು ಅಂಕ ಜಾಸ್ತಿ. ಎರಡನ್ನೂ ಬಾಟಲಿ ಮೇಲಿನ ಅಳತೆಯಂತೆ ನೀರು ಸೇರಿಸಿಯೇ ಬಳಸಬೇಕು. 'ಒಂದು ಮುಚ್ಚಳ ಜಾಸ್ತಿ ಇರಲಿ ಬಿಡಿ' ಅನ್ನುವ ಧಾರಾಳ ಅಡುಗೆಗೆ ಇಟ್ಟುಕೊಳ್ಳಿ.

ಸ್ಪಿರಿಟ್

ಇದು ಗಾಯಕ್ಕೆ ಅಲ್ಲ, ಗಾಯ ಇಲ್ಲದ ಚರ್ಮಕ್ಕೆ. ಇಂಜೆಕ್ಷನ್ ಚುಚ್ಚುವ ಮುಂಚೆ ಹಚ್ಚುವುದಕ್ಕೆ, ಮುಳ್ಳು ತೆಗೆಯುವ ಸೂಜಿ ಒರೆಸುವುದಕ್ಕೆ. ತೆರೆದ ಗಾಯಕ್ಕೆ ಹಾಕಿದರೆ ಕೀಟಾಣುವಿನ ಪ್ರೋಟೀನಿನ ಜೊತೆ ನಮ್ಮದೂ ಬೇಯುತ್ತದೆ. ಉರಿ ಅಂದರೆ ನರ ಕಿರುಚುತ್ತಿದೆ ಅಂತ, ಕೀಟಾಣು ಸಾಯುತ್ತಿದೆ ಅಂತಲ್ಲ.

70% ಸ್ಪಿರಿಟ್ ಪೂರ್ತಿ ಸ್ಪಿರಿಟ್ಟಿಗಿಂತ ಚೆನ್ನಾಗಿ ಕೊಲ್ಲುತ್ತದೆ. ಪ್ರೋಟೀನು ಕೆಡಬೇಕಾದರೆ ನೀರು ಬೇಕು. ನೀರಿಲ್ಲದ ಸ್ಪಿರಿಟ್ ಬೇಗ ಆರಿಯೂ ಹೋಗುತ್ತದೆ. ಫಿಲೇಚರ್‌ಗಳಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವರು ಒಲೆ ಪಕ್ಕ ಇದರ ಬಾಟಲಿ ಇಟ್ಟುಕೊಳ್ಳಬೇಡಿ. ಇದರ ಆವಿಗೂ ಬೆಂಕಿ ಹತ್ತುತ್ತದೆ.

ನೊರೆ ಬರೋದು, ಮತ್ತು ನನ್ನ ಮೊಳಕಾಲು

ಹೈಡ್ರೋಜನ್ ಪೆರಾಕ್ಸೈಡ್ 3% ನೋಡಲು ಮಜಾ. ಹಾಕಿದ ಕೂಡಲೇ ಬುಸ್ ಅಂತ ಬಿಳಿ ನೊರೆ. ಕೊಳೆಯೆಲ್ಲ ಎದ್ದು ಬಂದ ಹಾಗೆ ಕಾಣುತ್ತದೆ. ನಾನು ಈ ಅಂಗಡಿಗೆ ಸೇರಿದ ಹೊಸದರಲ್ಲಿ ಚಿಂತಾಮಣಿ ರಸ್ತೆಯಲ್ಲಿ ಬೈಕ್ ಜಾರಿ ಮೊಳಕಾಲಿನ ಕೆಳಗೆ ಅಂಗೈ ಅಗಲ ಚರ್ಮ ಕಿತ್ತಿತ್ತು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಪೆರಾಕ್ಸೈಡ್. ನೊರೆ ಬರುವವರೆಗೆ ಕೀಟಾಣು ಇವೆ, ನೊರೆ ನಿಂತ ದಿನ ಬಿಡೋಣ ಅಂತ ನನ್ನ ಲೆಕ್ಕ. ನೊರೆ ನಿಲ್ಲಲೇ ಇಲ್ಲ. ಮೂರು ವಾರವಾದರೂ ಗಾಯದ ಅಂಚು ಬೆಳ್ಳಗೆ, ನಡುವೆ ಹಸಿ ಹಸಿ. ನರ್ಸ್ ಆಗಿದ್ದ ನಮ್ಮ ಚಿಕ್ಕಮ್ಮ ಊರಿಗೆ ಬಂದವರು ನೋಡಿ, "ಏನೋ, ಔಷಧಿ ಅಂಗಡೀಲಿ ಕೂತ್ಕೊಂಡು ಇಷ್ಟೂ ಗೊತ್ತಿಲ್ವಾ? ದಿನಾ ಹೊಸ ಚರ್ಮ ಬರ್ತಿದೆ, ದಿನಾ ನೀನೇ ಸುಡ್ತಿದ್ದೀಯ" ಅಂತ ಬೈದರು. ಪೆರಾಕ್ಸೈಡ್ ಬಿಟ್ಟು, ಬರೀ ನೀರಲ್ಲಿ ತೊಳೆದು, ವ್ಯಾಸಲಿನ್ ಸವರಿದ ಗಾಜ್ ಬಟ್ಟೆ ಕಟ್ಟಿದರು. ಹತ್ತು ದಿನಕ್ಕೆ ಮುಚ್ಚಿಕೊಂಡಿತು.

ನೊರೆ ಬರುವುದು ಕ್ಯಾಟಲೇಸ್ ಅನ್ನುವ ಕಿಣ್ವದಿಂದ. ಅದು ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತದೆ. ಈ ಕಿಣ್ವ ನಮ್ಮ ರಕ್ತದಲ್ಲಿ, ಮಾಂಸದಲ್ಲೇ ಧಾರಾಳವಾಗಿದೆ. ಕೀಟಾಣು ಒಂದೂ ಇಲ್ಲದಿದ್ದರೂ ಹಸಿ ಗಾಯದಲ್ಲಿ ನೊರೆ ಬರುತ್ತದೆ. ಇನ್ನೂ ತಮಾಷೆ ಅಂದರೆ ಮೇಲೆ ಹೇಳಿದ ಸ್ಟ್ಯಾಫಿಲೋಕಾಕಸ್ ಹತ್ತಿರವೂ ಕ್ಯಾಟಲೇಸ್ ಇದೆ, ಅದು ಪೆರಾಕ್ಸೈಡನ್ನು ಒಡೆದು ತನ್ನನ್ನು ಕಾಪಾಡಿಕೊಳ್ಳುತ್ತದೆ. ಆಳವಾದ, ಬಾಯಿ ಸಣ್ಣಗಿರುವ ಗಾಯದೊಳಗೆ ಇದನ್ನು ಸಿರಿಂಜಿನಲ್ಲಿ ಬಿಡುವುದಂತೂ ಅಪಾಯ. ಗುಳ್ಳೆಗಳು ರಕ್ತನಾಳಕ್ಕೆ ನುಗ್ಗಿ ಜೀವಕ್ಕೇ ತೊಂದರೆಯಾದದ್ದುಂಟು.

ನಾನು ಪೆರಾಕ್ಸೈಡಿಗೆ ಕೊನೆ ಸ್ಥಾನ ಕೊಡುತ್ತೇನೆ. ಇದರಲ್ಲಿ ನನ್ನ ಮೊಳಕಾಲಿನ ಸಿಟ್ಟೂ ಸ್ವಲ್ಪ ಇದೆ ಅಂತ ಒಪ್ಪಿಕೊಳ್ಳುತ್ತೇನೆ.

ಬಣ್ಣ, ಪುಡಿ, ಅಡುಗೆಮನೆ

ಜೆನ್ಷಿಯನ್ ವಯಲೆಟ್, ಹಳಬರ ಕೆಂಪು ಔಷಧಿ ಮರ್ಕ್ಯುರೋಕ್ರೋಮ್ ಈಗಲೂ ಕೇಳುವವರಿದ್ದಾರೆ. ಮರ್ಕ್ಯುರೋಕ್ರೋಮಿನಲ್ಲಿ ಪಾದರಸ ಇದೆ, ಬಿಟ್ಟುಬಿಡಿ. ನೇರಳೆ ಬಣ್ಣದ್ದು ಕೀಟಾಣು ಕೊಲ್ಲುತ್ತದೆ, ಆದರೆ ಹಚ್ಚಿದ ಮೇಲೆ ಗಾಯದ ಸುತ್ತ ಕೆಂಪಾಗಿದೆಯೋ ಇಲ್ಲವೋ ಡಾಕ್ಟರಿಗೂ ಕಾಣಲ್ಲ.

ನಿಯೋಸ್ಪೊರಿನ್ ಥರದ ಪುಡಿಗಳು ಆಂಟಿಬಯೋಟಿಕ್, ನಂಜುನಿರೋಧಕ ಅಲ್ಲ. ಒರೆಸುವ ಮುಂಚೆಯೇ ಪುಡಿ ಉದುರಿಸುವ ಅಭ್ಯಾಸ ನಮ್ಮಲ್ಲಿದೆ. ಅದು ಒಣಗಿ ಹೆಕ್ಕಳೆಯಾಗುತ್ತದೆ, ಕೆಳಗೆ ಕೀವು ತುಂಬುತ್ತದೆ, ಮೇಲಿಂದ ಎಲ್ಲ ಚೆನ್ನಾಗಿರುವ ಹಾಗೆ ಕಾಣುತ್ತದೆ. 'ಗಾಯ ಒಣಗಬೇಕು' ಅನ್ನುವ ಮಾತೇ ಅರ್ಧ ತಪ್ಪು. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲಿ ಹಂದಿಗಳ ಮೇಲೆ ಪರೀಕ್ಷೆ ಮಾಡಿ, ಮುಚ್ಚಿ ತೇವ ಉಳಿಸಿದ ಗಾಯಕ್ಕೆ ಗಾಳಿಗೆ ಬಿಟ್ಟ ಗಾಯಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಬೇಗ ಹೊಸ ಚರ್ಮ ಬರುತ್ತದೆ ಅಂತ ತೋರಿಸಿದರು. ಚಿಕ್ಕಮ್ಮನ ವ್ಯಾಸಲಿನ್ ಬಟ್ಟೆಯ ಗುಟ್ಟು ಇದೇ.

ಅರಿಶಿನದ ವಿಷಯ ಎತ್ತಿದರೆ ಜಗಳಕ್ಕೆ ಬರುತ್ತಾರೆ, ಗೊತ್ತು. ಅದರಲ್ಲಿರುವ ಕರ್ಕ್ಯುಮಿನ್ ಪ್ರಯೋಗಶಾಲೆಯ ತಟ್ಟೆಯಲ್ಲಿ ಕೀಟಾಣುಗಳನ್ನು ತಡೆದದ್ದು ನಿಜ. ಆದರೆ ಅದು ನೀರಿನಲ್ಲಿ ಕರಗುವುದೇ ಅಪರೂಪ, ಮತ್ತೆ ಅಡುಗೆಮನೆ ಡಬ್ಬದ ಪುಡಿ ಗಾಯಕ್ಕೆ ಅಂತ ಶುದ್ಧ ಮಾಡಿದ್ದಲ್ಲ. ಒಗ್ಗರಣೆಯಲ್ಲಿ ಕುದಿಯುವ ಪುಡಿಗೂ, ಹಸಿ ಮಾಂಸಕ್ಕೆ ಒತ್ತುವ ಪುಡಿಗೂ ವ್ಯತ್ಯಾಸ ಇದೆ, ಅಲ್ವಾ? ಕಾಫಿಪುಡಿ ರಕ್ತ ನಿಲ್ಲಿಸಿದ ಹಾಗೆ ಕಾಣುವುದು ನೀವು ಅದನ್ನು ಒತ್ತಿ ಹಿಡಿದಿದ್ದಕ್ಕೆ. ಬರೀ ಬಟ್ಟೆ ಒತ್ತಿ ಹತ್ತು ನಿಮಿಷ ಹಿಡಿದರೂ ನಿಲ್ಲುತ್ತದೆ.

ಬಾಟಲಿಯೇ ಉತ್ತರವಲ್ಲದ ಗಾಯಗಳು

ಕೊಟ್ಟಿಗೆಯಲ್ಲಿ ಮೊಳೆ ಚುಚ್ಚಿತು. ಯಾವ ಬಾಟಲಿ? ಯಾವುದೂ ಸಾಲದು. ಧನುರ್ವಾಯು ತರುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಸಗಣಿಯಲ್ಲಿ ಗಟ್ಟಿ ಚಿಪ್ಪಿನ ಬೀಜದ ಹಾಗೆ ವರ್ಷಗಟ್ಟಲೆ ಮಲಗಿರುತ್ತದೆ. ತುಕ್ಕು ಅದಕ್ಕೆ ಕಾರಣವಲ್ಲ, ಹೊಸ ಮೊಳೆಯಾದರೂ ಸಗಣಿ ಹತ್ತಿದ್ದರೆ ಅಷ್ಟೇ ಅಪಾಯ. ಆ ಚಿಪ್ಪಿಗೆ ಸ್ಪಿರಿಟ್ ಏನೂ ಮಾಡಲ್ಲ, ಉಳಿದವನ್ನೂ ಗಾಯದ ಆಳದಲ್ಲಿ ನಂಬುವ ಹಾಗಿಲ್ಲ. ತೊಳೆದು, ಇಂಜೆಕ್ಷನ್ ಹಾಕಿಸಿಕೊಳ್ಳಿ. ಟಿಟಿ ಅಂತ ಎಲ್ಲರಿಗೂ ಗೊತ್ತಿರುವುದು, ಈಗ ಅದರ ಜಾಗಕ್ಕೆ ಟಿಡಿ (ಧನುರ್ವಾಯು, ಡಿಫ್ತೀರಿಯಾ ಎರಡಕ್ಕೂ ಸೇರಿದ ಲಸಿಕೆ) ಬಂದಿದೆ. ಮೊದಲಿನ ಡೋಸುಗಳೆಲ್ಲ ಆಗಿದ್ದರೂ ಕೊಳಕು ಗಾಯಕ್ಕೆ ಹಿಂದಿನ ಇಂಜೆಕ್ಷನ್ ಆಗಿ ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕು. ಶುಭ್ರವಾದ ಸಣ್ಣ ಗಾಯಕ್ಕೆ ಹತ್ತು ವರ್ಷದ ಲೆಕ್ಕ.

ನಾಯಿ ಕಚ್ಚಿದರೆ ಗಡಿಯಾರ ನೋಡಿ ಹದಿನೈದು ನಿಮಿಷ ಸೋಪು, ಹರಿಯುವ ನೀರು. ರೇಬಿಸ್ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಕರಗಿಸುತ್ತದೆ. ಇಲ್ಲಿ ಸೋಪೇ ಔಷಧಿ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ, ಅವತ್ತೇ ಆಸ್ಪತ್ರೆಗೆ. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಸುಣ್ಣ, ಮೆಣಸಿನಪುಡಿ ಹಚ್ಚಿ ಹೊತ್ತು ಕಳೆಯಬೇಡಿ. ಬಿಗಿಯಾಗಿ ಕಟ್ಟಬೇಡಿ.

ನೂಲು ಬಿಚ್ಚಾಣಿಕೆಯ ಬಿಸಿನೀರು ಬಿದ್ದು ಸುಟ್ಟರೆ ಇಪ್ಪತ್ತು ನಿಮಿಷ ತಣ್ಣನೆ ನಲ್ಲಿ ನೀರು, ಮೊದಲ ಹೊತ್ತಿಗೆ ಬೇರೇನೂ ಬೇಡ. ಟೂತ್‌ಪೇಸ್ಟೂ ಬೇಡ, ಇಂಕೂ ಬೇಡ.

ಎಳೆ ಕೂಸಿನ ಹೊಕ್ಕುಳಬಳ್ಳಿಗೆ ಏನೂ ಹಚ್ಚದೆ ಒಣಗಿರುವಂತೆ ನೋಡಿಕೊಳ್ಳುವುದೇ ಸರಿ. ಆಸ್ಪತ್ರೆಯವರು ಬೇರೆ ಹೇಳಿದ್ದರೆ ಅದನ್ನು ಪಾಲಿಸಿ. ಎಣ್ಣೆ, ಬೂದಿ, ಅರಿಶಿನ ಬೇಡ.

ಸಕ್ಕರೆ ಕಾಯಿಲೆ ಇದ್ದವರ ಪಾದದ ಗಾಯಕ್ಕೆ ನಾನು ಬಾಟಲಿ ಮಾರುವುದನ್ನೇ ನಿಲ್ಲಿಸಿದ್ದೇನೆ. ನೋವು ಗೊತ್ತಾಗಲ್ಲ, ರಕ್ತದ ಓಡಾಟ ಕಡಿಮೆ, 'ಚಿಕ್ಕದು' ಅಂದದ್ದು ವಾರದಲ್ಲಿ ಮೂಳೆ ಮುಟ್ಟಿರುತ್ತದೆ. ನೇರ ಡಾಕ್ಟರ ಹತ್ತಿರ ಕಳಿಸುತ್ತೇನೆ. ಯಾರಿಗೇ ಆಗಲಿ, ಕೆಂಪು ದಿನದಿನಕ್ಕೆ ಹರಡುತ್ತಿದ್ದರೆ, ಕೆಂಪು ಗೆರೆ ಮೇಲಕ್ಕೆ ಓಡಿದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ನಂಜು ಒಳಗಿಳಿದಿದೆ ಅಂತ ಅರ್ಥ. ಮೇಲೆ ಹಚ್ಚುವುದು ಅಲ್ಲಿಗೆ ತಲುಪಲ್ಲ.

ಇಟ್ಟುಕೊಳ್ಳುವುದು

ನೀರು ಸೇರಿಸಿದ ದ್ರಾವಣವನ್ನು ಬಾಟಲಿಗೆ ತುಂಬಿ ವಾರಗಟ್ಟಲೆ ಇಡಬೇಡಿ. ಕೆಲವರು ಹತ್ತಿಯನ್ನು ಅದರಲ್ಲಿ ನೆನೆಸಿ ಡಬ್ಬದಲ್ಲಿ ಇಟ್ಟಿರುತ್ತಾರೆ, ಬೇಕಾದಾಗ ಒಂದು ತೆಗೆದು ಒರೆಸಲಿಕ್ಕೆ. ಸ್ಯೂಡೋಮೋನಾಸ್ ಅನ್ನುವ ಬ್ಯಾಕ್ಟೀರಿಯಾ ತೆಳು ಸೆಟ್ರಿಮೈಡ್ ದ್ರಾವಣದಲ್ಲೇ ಬೆಳೆಯಬಲ್ಲದು. ಕೀಟಾಣು ಕೊಲ್ಲುವ ಡಬ್ಬದಿಂದಲೇ ಕೀಟಾಣು ಹಚ್ಚಿದ ಹಾಗಾಗುತ್ತದೆ. ಬಾಟಲಿ ತೆರೆದ ದಿನವನ್ನು ಪೆನ್ನಿನಲ್ಲಿ ಲೇಬಲ್ ಮೇಲೆ ಬರೆದಿಡಿ. ಕೊಟ್ಟಿಗೆಯದಕ್ಕೆ 'ಹಸುವಿಗೆ' ಅಂತ ದೊಡ್ಡದಾಗಿ ಬರೆಯಿರಿ.

ನಮ್ಮ ಮನೆಯ ಡಬ್ಬದಲ್ಲಿ ಈಗ ಇರುವುದು ಒಂದು ಸೋಪು, 5% ಪೊವಿಡೋನ್ ಅಯೋಡಿನ್ನಿನ ಸಣ್ಣ ಬಾಟಲಿ, ಗಾಜ್, ಅಂಟು ಪಟ್ಟಿ, ವ್ಯಾಸಲಿನ್. ಪೆರಾಕ್ಸೈಡ್ ಬಚ್ಚಲುಮನೆ ಕಟ್ಟೆ ಮೇಲೆ ಇದೆ. ಬಿಳಿ ಪಂಚೆಗೆ ರಕ್ತದ ಕಲೆಯಾದರೆ ನಾಲ್ಕು ಹನಿ ಹಾಕುತ್ತೇನೆ. ಅಲ್ಲಿ ನೊರೆ ಬಂದರೆ ಖುಷಿಯೇ.